ಇಪ್ಪತ್ತಮೂರನೆಯ ಲಕೋಟೆ

ಎದೆಯ ಮೇಲೆ ಇಪ್ಪತ್ತಮೂರು ಎಂಬ ಚೀಟಿ ಅಂಟಿಸಿ, ಉದುರದಿರಲೆಂದು ಅಂಗೈಯಿಂದ ಎರಡು ಸಲ ತಟ್ಟಿ, “ಸೂಪರ್ ಅಂಕಲ್, ಇವತ್ತು ನೀವೇ ನಮ್ಮ ಹೀರೋ” ಎಂದು ಐಶ್ವರ್ಯ ಹೇಳಿದಾಗ ಮರುಳಸಿದ್ದಪ್ಪನಿಗೆ ಬಂದದ್ದು ಆ ದಿನದ ಮೊದಲ ಸಿಟ್ಟಲ್ಲ. ತ್ಯಾಗರಾಜನಗರದ ಮನೆಯಿಂದ ಜಯನಗರ ಏಳನೇ ಬ್ಲಾಕಿನ ಈ ವ್ಯಾಯಾಮ ಸಂಶೋಧನಾ ಕೇಂದ್ರದವರೆಗೆ ನಡೆದು ಬರುವಾಗ ಫುಟ್‌ಪಾತಿನ ಮೇಲೆ ನಿಲ್ಲಿಸಿದ್ದ ಸ್ಕೂಟರುಗಳ ಮೇಲೆ ಸಿಟ್ಟಾಗಿದ್ದ. ಯಾರೋ ಕಿತ್ತು ಓರೆಯಾಗಿ ಬಿಟ್ಟುಹೋದ ಕಲ್ಲುಚಪ್ಪಡಿಗಳ ಮೇಲೆ ಸಿಟ್ಟಾಗಿದ್ದ. ಆ ಚಪ್ಪಡಿಗಳನ್ನು ಎಪ್ಪತ್ತೊಂದು ವರ್ಷದ ತನ್ನ ಕಾಲುಗಳು ತಡವರಿಸದೆ ದಾಟಿದ್ದಕ್ಕೆ ಇನ್ನೂ ಹೆಚ್ಚು ಸಿಟ್ಟಾಗಿದ್ದ. ಹೊರಡುವ ಮೊದಲು ಹೆಂಡತಿ ಕಮಲಾದೇವಿ ಎಡಗೈಯಲ್ಲಿ ಚಹಾ ಸೋಸಿ ಕೊಟ್ಟಿದ್ದಳು. ಬಲಗೈಯ ಪ್ಲಾಸ್ಟರ್ ತೆಗೆದು ಒಂದು ವಾರವಾಗಿತ್ತು; ಮಣಿಕಟ್ಟು ಬಿಳುಚಿಕೊಂಡು, ಬೇರೆ ಯಾರದೋ ಕೈಯನ್ನು ತಂದು ಜೋಡಿಸಿದ ಹಾಗೆ ಕಾಣುತ್ತಿತ್ತು. ಚಹಾ ಬಸಿಯಲ್ಲಿ ಚೆಲ್ಲಿತ್ತು. ಅವಳು ಅದನ್ನು ಒರೆಸಲಿಲ್ಲ, ಅವನೂ ಒರೆಸಲಿಲ್ಲ. “ನೀನೂ ಬಾ, ಫಲಿತಾಂಶ ಹೇಳ್ತಾರಂತೆ” ಎಂದಿದ್ದ. “ನನ್ನದೇನು ಫಲಿತಾಂಶ” ಎಂದು ಅವಳು ಒಳಗೆ ಹೋಗಿದ್ದಳು.

ಸಭಾಂಗಣದಲ್ಲಿ ನಲವತ್ತು ಕುರ್ಚಿಗಳು. ಎಲ್ಲರೂ ಅರವತ್ತೈದು ದಾಟಿದವರು. ನಾಲ್ಕು ತಿಂಗಳ ಹಿಂದೆ ಪತ್ರಿಕೆಯ ಪ್ರಕಟಣೆ ನೋಡಿ ಬಂದವರು. ಐಶ್ವರ್ಯ ತನ್ನ ಡಾಕ್ಟರೇಟಿಗಾಗಿ ನಡೆಸಿದ ಅಧ್ಯಯನ ಅದು. ವಯಸ್ಸಾದಂತೆ ಸ್ನಾಯುವಿನಲ್ಲಿ ಬಲಕ್ಕಿಂತ ಮೊದಲು ಕುಸಿಯುವುದು ವೇಗ ಎಂದು ಅವಳು ಮೊದಲ ದಿನವೇ ವಿವರಿಸಿದ್ದಳು. ಎಡವಿದ ದೇಹವನ್ನು ಹಿಡಿದು ನಿಲ್ಲಿಸಲು ಕಾಲಿಗೆ ಸಿಗುವ ಸಮಯ ಒಂದು ಸೆಕೆಂಡೂ ಅಲ್ಲ, ಅಷ್ಟರೊಳಗೆ ಕಾಲು ಎಚ್ಚೆತ್ತುಕೊಳ್ಳಬೇಕು. ಆದ್ದರಿಂದ ಇಪ್ಪತ್ತು ಜನರಿಗೆ ಭಾರ ಹೊತ್ತು ವೇಗವಾಗಿ ಏಳುವ, ನಿಧಾನವಾಗಿ ಕೂರುವ ತರಬೇತಿ. ಉಳಿದ ಇಪ್ಪತ್ತು ಜನರಿಗೆ ಬರೀ ಮೈ ಸಡಿಲಿಸುವ ವ್ಯಾಯಾಮ. ಅಳತೆ ಒಂದೇ: ಕೈಗಳನ್ನು ಎದೆಯ ಮೇಲೆ ಅಡ್ಡ ಕಟ್ಟಿಕೊಂಡು, ಮೂವತ್ತು ಸೆಕೆಂಡಿನಲ್ಲಿ ಕುರ್ಚಿಯಿಂದ ಎಷ್ಟು ಸಲ ಎದ್ದು ಕೂರುತ್ತೀರಿ. ಈಗ ಪರದೆಯ ಮೇಲೆ ಎರಡು ಕಂಬಗಳಿದ್ದವು. ಎತ್ತರದ ಕಂಬದ ತಲೆಯ ಮೇಲೆ ಮೂರು ಬಿಂದು ನಾಲ್ಕು, ಗಿಡ್ಡ ಕಂಬದ ಮೇಲೆ ಒಂದು ಬಿಂದು ಆರು. ತರಬೇತಿ ಪಡೆದವರು ಮೊದಲ ದಿನಕ್ಕಿಂತ ಸರಾಸರಿ ಮೂರು ಬಿಂದು ನಾಲ್ಕು ಸಲ ಹೆಚ್ಚು ಎದ್ದಿದ್ದರು. ಜನ ಚಪ್ಪಾಳೆ ತಟ್ಟಿದರು. ಮರುಳಸಿದ್ದಪ್ಪ ಕಂಬಗಳನ್ನು ನೋಡಲಿಲ್ಲ. ಮೂವತ್ತನಾಲ್ಕು ವರ್ಷ ಕಾನೂನು ಮಾಪನ ಇಲಾಖೆಯ ಇನ್ಸ್‌ಪೆಕ್ಟರಾಗಿ ತಕ್ಕಡಿಗಳನ್ನು ಪರೀಕ್ಷಿಸಿದ ಕಣ್ಣು ಅದು; ತಟ್ಟೆಯನ್ನು ನೋಡದೆ ತಟ್ಟೆಯ ತಳವನ್ನು ನೋಡುತ್ತಿತ್ತು. ಪರದೆಯ ತಳದಲ್ಲಿ, ಕನ್ನಡಕವಿಲ್ಲದವರಿಗೆ ಕಾಣದ ಅಕ್ಷರಗಳಲ್ಲಿ, ಎತ್ತರದ ಕಂಬದ ಕೆಳಗೆ ಇಪ್ಪತ್ತು ಎಂದೂ ಗಿಡ್ಡ ಕಂಬದ ಕೆಳಗೆ ಹತ್ತೊಂಬತ್ತು ಎಂದೂ ಇತ್ತು.

ಆ ಒಂದು ಕಡಿಮೆಯೇ ಕಮಲಾದೇವಿ. ಅವನ ತಲೆ ತಾನಾಗಿ ಭಾಗಾಕಾರ ಮಾಡಿತು. ಗಿಡ್ಡ ಕಂಬದವರ ಒಟ್ಟು ಏರಿಕೆ ಮೂವತ್ತು; ಹತ್ತೊಂಬತ್ತರಿಂದ ಭಾಗಿಸಿದರೆ ಒಂದು ಬಿಂದು ಆರಕ್ಕೆ ಒಂದು ಕೂದಲಷ್ಟು ಕಡಿಮೆ. ಅವಳನ್ನೂ ಸೇರಿಸಿ, ಅವಳ ಏರಿಕೆ ಸೊನ್ನೆ ಎಂದು ಬರೆದು ಇಪ್ಪತ್ತರಿಂದ ಭಾಗಿಸಿದರೆ ಒಂದೂವರೆ. ಮೂವತ್ತೆಂಟು ವರ್ಷ ಜೊತೆಗಿದ್ದ ಹೆಂಗಸು ಬಿಂದು ಒಂದು. ಆ ಬಿಂದು ಒಂದನ್ನೂ ಇವರು ಗುಡಿಸಿ ಹೊರಗೆ ಹಾಕಿದ್ದಾರೆ. ಸಿಟ್ಟು ಬಂತು. ಬಂದಾಗ ಅವನಿಗೆ ಒಂದು ಬಗೆಯ ನೆಮ್ಮದಿಯೂ ಆಯಿತು. ಅವಳ ಕೈ ಮುರಿದ ಮೇಲಿನ ಏಳು ವಾರಗಳಲ್ಲಿ ಮೊದಲ ಬಾರಿಗೆ ಆ ಸಿಟ್ಟಿಗೆ ತನ್ನ ಹೊರಗೆ ಒಂದು ವಿಳಾಸ ಸಿಕ್ಕಿತ್ತು.

“ಹತ್ತೊಂಬತ್ತು ಯಾಕೆ?” ಎಂದು ಎದ್ದು ನಿಂತು ಕೇಳಿದ.

“ಅಂಕಲ್, ಕ್ವೆಶ್ಚನ್ಸ್ ಲಾಸ್ಟಲ್ಲಿ ತಗೊಳ್ತೀನಿ.”

“ಲಾಸ್ಟಲ್ಲಿ ಬೇಡ. ಇಪ್ಪತ್ತು ಜನ ಇದ್ರು. ಒಬ್ಬರು ಎಲ್ಲಿ?”

ಐಶ್ವರ್ಯ ಕೈಯಲ್ಲಿದ್ದ ಕೆಂಪು ದೀಪದ ಕಡ್ಡಿಯನ್ನು ಆರಿಸಿದಳು. “ಒಬ್ಬರು ಡ್ರಾಪ್ ಔಟ್ ಅಂಕಲ್. ಫೈನಲ್ ಟೆಸ್ಟಿಗೆ ಬರ್ಲಿಲ್ಲ.”

“ಬರ್ಲಿಲ್ಲ ಅಲ್ಲ. ಬಿದ್ದು ಕೈ ಮುರ್ಕೊಂಡಿದ್ಲು. ಎದೆ ಮೇಲೆ ಕೈ ಕಟ್ಟೋಕೆ ಆಗಲ್ಲ, ಬರೋದು ಬೇಡ ಅಂತ ಹೇಳಿದ್ದು ನೀವೇ. ಬೀಳದ ಹಾಗೆ ಮಾಡೋಕೆ ಅಂತ ಅಧ್ಯಯನ. ಬಿದ್ದವಳು ಒಬ್ಬಳೇ. ಅವಳೇ ಲೆಕ್ಕದಲ್ಲಿ ಇಲ್ಲ.”

ಪಕ್ಕದ ಕುರ್ಚಿಯ ಕೊಟ್ರಪ್ಪ, ಚಿಕ್ಕಲಸಂದ್ರದಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಬಳ್ಳಾರಿ ಕಡೆಯವನು, ಗಿಡ್ಡ ಕಂಬದ ಗುಂಪಿನವನು, ಅವನ ತೋಳು ಹಿಡಿದು ಕೂರಿಸಲು ನೋಡಿದ. “ಬಿಡ್ರಿ ಸಾಹೇಬ್ರ. ಹನ್ನೆರಡು ವಾರ ನಮಗ ಮೈ ಮುರಿಯೋದು ಕಲಿಸ್ಯಾರ. ಅದನ್ನ ನಾ ಅಂಗಡಿ ಗಾದಿ ಮ್ಯಾಲೆ ಪುಕ್ಕಟೆ ಮಾಡ್ತಿದ್ದೆ. ನಾ ಏನರ ಜಗಳಾ ಮಾಡೀನೇನು?” ಸುತ್ತಲಿನವರು ನಕ್ಕರು. ಆ ನಗೆಯ ಸಂದಿನಲ್ಲೇ ಐಶ್ವರ್ಯ ಜಾಣತನದಿಂದ ಮಾತು ತಿರುಗಿಸಿದಳು. “ಅಂಕಲ್‌ಗೆ ಆಂಟಿ ಬಗ್ಗೆ ಬೇಜಾರಿದೆ, ಅದು ನ್ಯಾಚುರಲ್. ಆದ್ರೆ ಇವರನ್ನೇ ನೋಡಿ. ಮೊದಲನೇ ದಿನ ಹನ್ನೊಂದು. ಈಗ ಹದಿನೇಳು. ಇಡೀ ಗ್ರೂಪಲ್ಲಿ ಹೈಯೆಸ್ಟ್. ಬನ್ನಿ ಅಂಕಲ್, ಒಂದ್ಸಲ ಎಲ್ಲರಿಗೂ ಮಾಡಿ ತೋರಿಸಿ.” ಮುಂದೆ ವೇದಿಕೆಯ ಮೇಲೆ ಕೈಯಿಲ್ಲದ ಒಂದು ಕುರ್ಚಿಯನ್ನು ಆಗಲೇ ಗೋಡೆಗೆ ಒರಗಿಸಿ ಇಟ್ಟಿದ್ದರು.

ಹನ್ನೊಂದು. ಆ ದಿನ ಇದೇ ಕುರ್ಚಿ ಕಾರಿಡಾರಿನಲ್ಲಿತ್ತು. ಪ್ರಕಟಣೆಯನ್ನು ಕತ್ತರಿಸಿ ಇಟ್ಟವಳು ಕಮಲಾದೇವಿ. ಮೆಟ್ಟಿಲು ಹತ್ತುವಾಗ ತೊಡೆ ನಡುಗುತ್ತದೆ ಎಂದು ಆರು ತಿಂಗಳಿಂದ ಹೇಳುತ್ತಿದ್ದವಳು ಅವಳು. ಅವನು ಜೊತೆಗೆ ಬಂದವನು. ಸರದಿಯಲ್ಲಿ ಅವನು ಮುಂದೆ, ಅವಳು ಹಿಂದೆ, ಎಲ್ಲ ಸರದಿಗಳಲ್ಲೂ ಹಾಗೆಯೇ. ಹನ್ನೆರಡು ಸಲ ಅಥವಾ ಅದಕ್ಕಿಂತ ಹೆಚ್ಚು ಎದ್ದವರಿಗೆ ಪ್ರವೇಶವಿಲ್ಲ. ಅವರು ಗಟ್ಟಿಯಿದ್ದಾರೆ, ಅವರಿಗೆ ಈ ಅಧ್ಯಯನ ಬೇಡ. ಅವನ ಮುಂದಿನವನು ಹದಿನಾಲ್ಕು ಸಲ ಎದ್ದ. “ನೀವು ಫಿಟ್ ಇದ್ದೀರ ಅಂಕಲ್, ಆಂಟಿ ಬರೋವರೆಗೆ ಆಚೆ ಕೂತಿರಿ” ಎಂದು ಸಹಾಯಕ ಬೆರಳು ತೋರಿಸಿದ. ಆಚೆ ಚಪ್ಪಲಿ ಸ್ಟ್ಯಾಂಡಿನ ಪಕ್ಕ ಒಂದು ಬೆಂಚು; ಅದರ ಮೇಲೆ ಹೆಂಡತಿಯರ ಕೈಚೀಲಗಳನ್ನು ತೊಡೆಯ ಮೇಲಿಟ್ಟುಕೊಂಡು ಮೂವರು ಗಂಡಸರು ಕೂತಿದ್ದರು. ಆ ಬೆಂಚಿನ ಮೇಲೆ ವಾರಕ್ಕೆ ಮೂರು ದಿನದಂತೆ ಹನ್ನೆರಡು ವಾರ, ಮೂವತ್ತಾರು ಬೆಳಿಗ್ಗೆ ಅವನೂ ಕೂರಬೇಕಾಗುತ್ತಿತ್ತು. ನಿವೃತ್ತಿಯ ನಂತರ ಯಾರೂ ಅವನನ್ನು ಅಳೆದಿರಲಿಲ್ಲ, ಅವನೂ ಯಾವುದನ್ನೂ ಅಳೆದಿರಲಿಲ್ಲ. ಕುರ್ಚಿಯಲ್ಲಿ ಕೂತ. ಮನೆಯಲ್ಲಿ ಅವನು ಹದಿನೈದು ಸಲ ಏಳುತ್ತಿದ್ದ. ಹಿಂದಿನ ಸಂಜೆಯೇ ಗಡಿಯಾರ ಇಟ್ಟುಕೊಂಡು ನೋಡಿದ್ದ. ಎಂಟಕ್ಕೆ ಉಸಿರು ಬಿಟ್ಟ. ಹತ್ತಕ್ಕೆ ಮಂಡಿ ಒತ್ತಿಕೊಂಡ. ಹನ್ನೊಂದಕ್ಕೆ ಕೂತವನು ಏಳಲಿಲ್ಲ. ಗೋಡೆಯ ಗಡಿಯಾರದಲ್ಲಿ ಏಳು ಸೆಕೆಂಡು ಉಳಿದಿದ್ದವು. ಅಷ್ಟು ಉದ್ದದ ಏಳು ಸೆಕೆಂಡುಗಳನ್ನು ಅವನು ಹಿಂದೆಂದೂ ಕಂಡಿರಲಿಲ್ಲ. “ಪರವಾಗಿಲ್ಲ ಅಂಕಲ್, ನೀವು ಸೆಲೆಕ್ಟ್” ಎಂದರು. ಮೇಜಿನ ಮೇಲೆ ಅಂಟು ಹಾಕಿದ, ಕ್ರಮಸಂಖ್ಯೆ ಬರೆದ ಲಕೋಟೆಗಳ ಅಡಕಲು. ಒಳಗೆ ಏನಿದೆ ಎಂದು ಯಾರಿಗೂ ಗೊತ್ತಿಲ್ಲ, ಆಯ್ಕೆಯಾದವರಿಗೆ ಮೇಲಿನದು. ಅವನದು ಇಪ್ಪತ್ತಮೂರು, ಒಡೆದರೆ ಭಾರದ ತರಬೇತಿ. ಕಮಲಾದೇವಿ ಎಂಟು ಸಲ ಎದ್ದಳು, ಎಂಟನೆಯದಕ್ಕೆ ನಿಜವಾಗಿಯೂ ಮಂಡಿ ಒತ್ತಿಕೊಂಡಳು. ಅವಳದು ಇಪ್ಪತ್ತನಾಲ್ಕು. ಮೈ ಸಡಿಲಿಸುವುದು.

ಜಯನಗರದ ಮಾರುಕಟ್ಟೆಯಲ್ಲಿ ಸೊಪ್ಪು ಮಾರುತ್ತಿದ್ದ ಹುಲಿಗೆವ್ವ ಎಂಬವಳ ತಕ್ಕಡಿಯನ್ನು ಅವನು ಒಮ್ಮೆ ಜಪ್ತಿ ಮಾಡಿದ್ದ. ತಟ್ಟೆಯ ತಳಕ್ಕೆ ನೆಲ್ಲಿಕಾಯಿ ಗಾತ್ರದ ಹುಣಸೆಹಣ್ಣು ಮೆತ್ತಿದ್ದಳು, ಮೂವತ್ತು ಗ್ರಾಂ. ಅವಳು ಕಾಲು ಹಿಡಿಯಲಿಲ್ಲ, ಅಳಲಿಲ್ಲ. “ಒಂದ ದಿನ ನೀವು ತಕ್ಕಡಿ ಒಳಗ ಕುಂತು ನೋಡ್ರಿ ಸಾಹೇಬ್ರ” ಎಂದಿದ್ದಳು. ಉದ್ಧಟತನ ಎಂದು ಅವನು ವರದಿಯಲ್ಲಿ ಒಂದು ಸಾಲು ಹೆಚ್ಚು ಬರೆದಿದ್ದ. ಸರಿಯಾದ ತೂಕ ಎಂಬುದು ಒಂದೇ ಇರುತ್ತದೆ, ಅದು ಮನುಷ್ಯನ ಕಷ್ಟವನ್ನು ಕೇಳುವುದಿಲ್ಲ ಎಂದು ಸಹೋದ್ಯೋಗಿಗಳಿಗೆ ಹೇಳುತ್ತಿದ್ದ. ತಾನು ಯಾವ ಕಷ್ಟಕ್ಕೆ ಹನ್ನೊಂದಕ್ಕೆ ನಿಂತದ್ದು? ಒಂದು ಬೆಂಚಿನ ಮೇಲೆ ಒಂದು ಚೀಲ ಹಿಡಿದು ಕೂರುವ ಕಷ್ಟಕ್ಕೆ. ನಿಜ ಹೇಳಿ ಹೊರಗೆ ಹೋಗಿದ್ದರೆ ಇಪ್ಪತ್ತಮೂರನೆಯ ಲಕೋಟೆ ಹಿಂದೆ ನಿಂತಿದ್ದವಳ ಕೈಗೆ ಬರುತ್ತಿತ್ತು. ಇದರಲ್ಲಿ ಅಂದಾಜಿಲ್ಲ. ಇಪ್ಪತ್ತೆರಡರ ನಂತರ ಇಪ್ಪತ್ತಮೂರು.

“ಬನ್ನಿ ಅಂಕಲ್, ಸಂಕೋಚ ಬೇಡ” ಎಂದು ಐಶ್ವರ್ಯ ಮತ್ತೆ ಕರೆದಳು. ಜನ ತಾಳ ಹಾಕಿ ಚಪ್ಪಾಳೆ ತಟ್ಟತೊಡಗಿದ್ದರು. ಆ ಏಕತಾಳ ಅವನ ಕಿವಿಯೊಳಗೆ ನುಗ್ಗಿತು. ತಾನು ಪ್ರದರ್ಶನಕ್ಕಿಟ್ಟ ಪ್ರಾಣಿ ಅನ್ನಿಸಿತು. ಮೇಜಿನ ಬಳಿ ಹೋಗಿ, ಕುರ್ಚಿಯಲ್ಲಿ ಕೂರದೆ, ಎದೆಯ ಚೀಟಿ ಕಿತ್ತು ಮೇಜಿಗೆ ಅಂಟಿಸಿ ಹೇಳಿದ: “ಹನ್ನೊಂದು ಸುಳ್ಳು. ಮೊದಲನೇ ದಿನವೇ ನಾನು ಹದಿನೈದು ಸಲ ಏಳ್ತಿದ್ದೆ. ಹನ್ನೊಂದಕ್ಕೆ ನಿಲ್ಲಿಸಿದ್ದು ಬೇಕಂತಲೇ.”

ಚಪ್ಪಾಳೆ ಒಂದೇ ಸಲಕ್ಕೆ ನಿಲ್ಲಲಿಲ್ಲ, ಹಿಂದಿನ ಸಾಲಿನ ಕಿವಿ ಮಂದವಾದ ಒಬ್ಬರು ಇನ್ನೂ ಸ್ವಲ್ಪ ಹೊತ್ತು ತಟ್ಟಿದರು. ಕೊಟ್ರಪ್ಪ ತೊಡೆಗೆ ಕೈ ಹೊಡೆದ. “ಭಲೇ ಸಾಹೇಬ್ರ. ಮಂದಿ ಎಲ್ಲಾ ಹೆಚ್ಚು ತೋರಿಸಾಕ ಸುಳ್ಳು ಹೇಳತಾರ. ನೀವು ಕಮ್ಮಿ ತೋರಿಸಾಕ ಹೇಳೀರಿ.” ಸಭೆ ಗೊಳ್ಳೆಂದಿತು. ಐಶ್ವರ್ಯ ಮಾತ್ರ ನಗಲಿಲ್ಲ. ಪರದೆಯನ್ನು ಆರಿಸಿದಳು. ಎಲ್ಲರೂ ಟೀ ತಗೊಳ್ಳಿ ಎಂದಳು. ಅವನನ್ನು ಪಕ್ಕದ ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದಳು. ಕೋಣೆಯಲ್ಲಿ ಮರಳು ಚೀಲಗಳು, ರಬ್ಬರಿನ ಪಟ್ಟಿಗಳು, ಬೆವರಿನ ಹಳಸಲು ವಾಸನೆ.

“ಯಾಕೆ ಸರ್?” ಅಂಕಲ್ ಎಂಬ ಕರೆ ಹೋಗಿತ್ತು.

“ಆಚೆ ಕೂರಬೇಕಾಗ್ತಿತ್ತು.”

“ಅಷ್ಟೇನಾ?”

“ಅಷ್ಟೇ.”

ಅವಳು ಲ್ಯಾಪ್‌ಟಾಪ್ ತೆರೆದು ಪಟ್ಟಿಯ ಮೇಲೆ ಬೆರಳಾಡಿಸಿದಳು. ಅವನು ಅವಳ ಸಿಟ್ಟನ್ನು ಎದುರಿಸಲು ಲೆಕ್ಕವನ್ನು ಮುಂದೆ ಹಿಡಿದ. “ನನ್ನ ಏರಿಕೆ ಆರು ಅಲ್ಲ, ಎರಡು. ನಾಲ್ಕು ಸುಳ್ಳು. ಇಪ್ಪತ್ತರಿಂದ ಭಾಗಿಸಿದರೆ ಬಿಂದು ಎರಡು. ಮೂರು ಬಿಂದು ನಾಲ್ಕು ಇದ್ದದ್ದು ಮೂರು ಬಿಂದು ಎರಡು ಆಗುತ್ತೆ. ನಿಮ್ಮ ತೀರ್ಮಾನ ಏನೂ ಕೆಡಲ್ಲ.”

“ಬಿಂದು ಎರಡು ನನಗೂ ಹಾಕೋಕೆ ಬರುತ್ತೆ ಸರ್. ಈ ನಲವತ್ತು ಜನರಲ್ಲಿ ನಿಮ್ಮ ಥರದೋರು ಇನ್ನೆಷ್ಟು ಜನ ಇದ್ದಾರೆ? ಅದನ್ನ ಹೇಗೆ ಹಾಕ್ಲಿ?” ಅವಳು ಪಟ್ಟಿಯನ್ನು ಕೆಳಗೆ ಸರಿಸಿದಳು. “ಮೂರು ವರ್ಷ ಸರ್. ನಿಮ್ಮನ್ನ ನೋಡಿ ನಮ್ಮಪ್ಪನಿಗೆ ಹೇಳ್ತಿದ್ದೆ, ಎಪ್ಪತ್ತೊಂದಕ್ಕೂ ಹೀಗೆ ಆಗಬಹುದು ಅಂತ.” ಬೆರಳು ಪಟ್ಟಿಯ ಮೇಲೆ ನಿಂತಿತು. “ಇಪ್ಪತ್ತಮೂರು ನೀವು. ಇಪ್ಪತ್ತನಾಲ್ಕು...” ಅವಳು ತಲೆಯೆತ್ತಿ ಅವನನ್ನು ನೋಡಿದಳು. ಏಳು ವಾರ ಅವನೊಬ್ಬನ ತಲೆಯಲ್ಲಿದ್ದುದು ಈಗ ಇನ್ನೊಬ್ಬರ ಮುಖದ ಮೇಲೆ ಕಾಣಿಸಿತು.

“ಆಂಟಿಗೆ ಗೊತ್ತಾ?”

“ಇಲ್ಲ.”

ಅವಳು ಲ್ಯಾಪ್‌ಟಾಪ್ ಮುಚ್ಚಿದಳು. ಅವನು ತನಗೆ ಉಳಿದಿದ್ದ ಒಂದೇ ಒಂದು ನ್ಯಾಯವಾದ ಮಾತನ್ನು ಹೊರತೆಗೆದ. “ಅವಳನ್ನ ಲೆಕ್ಕಕ್ಕೆ ಸೇರಿಸಿ.”

“ಸೇರಿಸ್ತೀನಿ. ಸೇರಿಸಬೇಕಿತ್ತು. ಬಿದ್ದಿದ್ದು ಬರೆದರೆ ನೂರು ಪ್ರಶ್ನೆ ಬರುತ್ತೆ ಅಂತ ನಮ್ಮ ಗೈಡ್ ಅಂದ್ರು, ನಾನೂ ಸುಮ್ಮನಾದೆ.” ಅವಳು ಒಂದು ಕಾಗದವನ್ನು ಅವನ ಮುಂದೆ ತಳ್ಳಿದಳು. “ಹೇಳಿದ್ದನ್ನ ಬರೆದು ಸೈನ್ ಹಾಕಿ. ಎರಡನೇ ಗ್ರೂಪಿಗೆ ಸೋಮವಾರದಿಂದ ಭಾರದ ತರಬೇತಿ ಶುರು. ಆಂಟಿನ ಕಳಿಸಿ. ನೀವು ಬರಬೇಡಿ ಸರ್.”

ಬರೆದ. ಅಕ್ಷರ ಸ್ಪಷ್ಟವಾಗಿತ್ತು, ಇಲಾಖೆಯ ಅಕ್ಷರ. ನೇರವಾಗಿ ಮನೆಗೆ ಹೋಗದೆ ಯಡಿಯೂರು ಕೆರೆಯ ಸುತ್ತ ನಡೆದ. ಒಂದು ಸುತ್ತು, ಎರಡು ಸುತ್ತು, ಮೂರು. ಉಸಿರು ಏರಲಿಲ್ಲ, ಆ ದೃಢತೆ ಅವನಿಗೆ ಅಸಹ್ಯವಾಯಿತು. ಹೇಳಬೇಕಾದ ವಾಕ್ಯವನ್ನು ಜೋಡಿಸುತ್ತಿದ್ದ. ಲಕೋಟೆಯೊಳಗೆ ಏನಿದೆ ಎಂದು ನನಗೆ ಗೊತ್ತಿರಲಿಲ್ಲ. ಸಾಧ್ಯತೆ ಅರ್ಧಕ್ಕರ್ಧ. ಅದಲುಬದಲಾಗಿದ್ದರೆ ನನ್ನ ಸುಳ್ಳಿನಿಂದಲೇ ನಿನಗೆ ಒಳ್ಳೆಯದಾಗುತ್ತಿತ್ತು. ಲೆಕ್ಕ ಸರಿಯಾಗಿತ್ತು, ಏಳು ವಾರಗಳಿಂದ ಎಷ್ಟು ಸಲ ಕೂಡಿದರೂ ಸರಿಯಾಗಿಯೇ ಬರುತ್ತಿತ್ತು. ಆದರೆ ಲಕೋಟೆ ಒಡೆದ ಮೇಲಿನ ಒಂಬತ್ತು ವಾರಗಳಲ್ಲಿ ಅರ್ಧಕ್ಕರ್ಧ ಎಂಬುದು ಇರಲಿಲ್ಲ. ಎರಡನೆಯ ವಾರ ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತು, ಅವನು ಮನೆಯಲ್ಲಿ ಅಭ್ಯಾಸ ಮಾಡುವುದನ್ನು ನೋಡುತ್ತ, “ನನಗೂ ತೋರಿಸಿಕೊಡ್ರೀ, ಹೇಗೆ ಏಳಬೇಕು” ಎಂದಿದ್ದಳು. ಅವನು ಕೂಡಲೇ ಉತ್ತರಿಸಿದ್ದ: “ತೋರಿಸಬಾರದು. ಪ್ರಯೋಗ ಕೆಡುತ್ತೆ. ಒಂದು ಗುಂಪಿನದು ಇನ್ನೊಂದು ಗುಂಪಿಗೆ ಹೋಗಬಾರದು ಅಂತ ಸೈನ್ ಹಾಕಿದ್ದೀವಿ.” ಆ ಉತ್ತರ ಹೇಳುವಾಗ ತನ್ನ ಧ್ವನಿಯಲ್ಲಿದ್ದ ನಿಷ್ಠೆ ನೆನಪಾಗಿ ಅವನು ಕೆರೆಯ ಕಬ್ಬಿಣದ ಬೇಲಿ ಹಿಡಿದು ನಿಂತ. ಪ್ರಯೋಗವನ್ನು ಮೊದಲ ದಿನವೇ ಕೆಡಿಸಿದವನು ಅವಳ ವಿಷಯಕ್ಕೆ ಬಂದಾಗ ಅದನ್ನು ಕಾವಲು ಕಾದಿದ್ದ. ಅವಳು ಮತ್ತೆ ಕೇಳಲಿಲ್ಲ. ಒಂಬತ್ತನೆಯ ವಾರ, ಅವಳು ಎಡ ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಮಣೆಯ ಮೇಲೆ ಪೂಜೆಗೆ ಕೂತಿದ್ದಾಗ, ಬಾಗಿಲ ಗಂಟೆ ಬಡಿಯಿತು. ಅವನು ಹಾಲ್‌ನಲ್ಲಿ ಕುರ್ಚಿಯಿಂದ ಏಳುತ್ತಿದ್ದ: ಏಳು, ಎಂಟು. ಹತ್ತು ಮುಗಿಯದೆ ನಿಲ್ಲಿಸುವಂತಿರಲಿಲ್ಲ. ಗಂಟೆ ಮತ್ತೆ ಬಡಿಯಿತು. ಲಿಂಗವಿದ್ದ ಎಡಗೈ ಮುಷ್ಟಿ ಕಟ್ಟಿ, ಅದನ್ನು ನೆಲಕ್ಕೆ ಊರದೆ, ಅವಳು ಏಳಲು ನೋಡಿದಳು. ತೊಡೆಗಳು ಮೈಯನ್ನು ಎತ್ತಲಿಲ್ಲ. ಬಲ ಅಂಗೈಯ ಮೇಲೆ ಇಡೀ ದೇಹ ಬಿತ್ತು. ಮುಷ್ಟಿ ಬಿಚ್ಚಿರಲಿಲ್ಲ. ಬಿದ್ದ ಸದ್ದಾದಾಗ ಅವನು ಒಂಬತ್ತರಲ್ಲಿದ್ದ.

ಮನೆಗೆ ಬಂದಾಗ ಮಧ್ಯಾಹ್ನ ಒಂದು ಗಂಟೆ. ಕಮಲಾದೇವಿ ಹಾಲ್‌ನಲ್ಲಿ ಕೂತು ಎಡಗೈಯಿಂದ ಹುರುಳಿಕಾಯಿ ನಾರು ತೆಗೆಯಲು ಯತ್ನಿಸುತ್ತಿದ್ದಳು. ಮೇಲಿನ ಮನೆಯ ಇಂದ್ರಾಣಿ ಬೆಳಿಗ್ಗೆ ಹೆಣೆದುಕೊಟ್ಟ ಜಡೆ ಬಿಗಿಯಾಗಿತ್ತು; ಏಳು ವಾರದಲ್ಲಿ ಅವನು ಜಡೆ ಹೆಣೆಯುವುದನ್ನು ಕಲಿತಿರಲಿಲ್ಲ. ಜೋಡಿಸಿಕೊಂಡ ವಾಕ್ಯದ ಮೊದಲ ಪದ ಅವನ ಬಾಯಿಗೆ ಬಂದಿತ್ತು.

“ಐಶ್ವರ್ಯ ಫೋನ್ ಮಾಡಿದ್ಲು” ಎಂದಳು ಅವಳು, ಕಾಯಿಯಿಂದ ಕಣ್ಣೆತ್ತದೆ. “ಸೋಮವಾರ ಬನ್ನಿ ಅಂತ. ಆಮೇಲೆ ಅಳೋಕೆ ಶುರು ಮಾಡಿದ್ಲು. ಯಾಕಮ್ಮ ಅಂದೆ. ಹೇಳಿದ್ಲು.”

ಹೇಳುವ ಹಕ್ಕೂ ಕೈ ತಪ್ಪಿತ್ತು. ಸಿಟ್ಟು ಹುಡುಗಿಯ ಕಡೆಗೆ ಹೊರಳಿತು, ಅಲ್ಲಿ ನಿಲ್ಲದೆ ಹಿಂದಿರುಗಿತು. “ಲಕೋಟೆಯಲ್ಲಿ ಏನಿದೆ ಅಂತ ಯಾರಿಗೂ...” ಎಂದು ಆರಂಭಿಸಿದ.

“ಗೊತ್ತಿರಲಿಲ್ಲ. ಅರ್ಧಕ್ಕರ್ಧ. ಅದನ್ನೂ ಅವಳೇ ಹೇಳಿದ್ಲು ಪಾಪ, ನಿಮ್ಮ ಪರವಾಗಿ.” ಅವಳು ಒಂದು ಕಾಯಿಯನ್ನು ಹಲ್ಲಿನಲ್ಲಿ ಕಚ್ಚಿ ನಾರು ಎಳೆದಳು. “ನಲವತ್ತು ಜನರ ಮುಂದೆ ಎದ್ದು ನಿಂತು ಹೇಳಿದ್ರಂತೆ.”

“ಹೇಳಬೇಕಿತ್ತು.”

“ಹೂಂ. ನನಗೊಬ್ಬಳಿಗೆ ಹೇಳೋಕೆ ಏಳು ವಾರ ಸಾಲಲಿಲ್ಲ.”

ಅವಳ ಧ್ವನಿ ಏರಿರಲಿಲ್ಲ. ಬೈದಿದ್ದರೆ ಬೈಗುಳವನ್ನು ಅಳೆದು, ತಪ್ಪಿಗೆ ಸಮವಾಗಿದೆಯೇ ನೋಡಿ, ಉಳಿದದ್ದಕ್ಕೆ ತಾನೂ ಸಿಟ್ಟಾಗಬಹುದಿತ್ತು. ಅವನು ಊಟದ ಮೇಜಿನಿಂದ ಒಂದು ಕುರ್ಚಿಯನ್ನು ಎಳೆದು ತಂದು ಹಾಲ್‌ನ ನಡುವೆ, ಅವಳ ಎದುರಿಗೆ ಇಟ್ಟ. ಹಿಂದಕ್ಕೆ ಜಾರದಂತೆ ಕಾಲಿಗೆ ತನ್ನ ಪಾದವನ್ನು ಅಡ್ಡ ಕೊಟ್ಟ. “ಬಾ, ಕೂತ್ಕೋ. ಸೋಮವಾರದವರೆಗೆ ಯಾಕೆ? ಈಗಲೇ ತೋರಿಸಿಕೊಡ್ತೀನಿ. ಪಾದ ಹಿಂದಕ್ಕೆ ತಗೋಬೇಕು. ಎದೆ ಮುಂದಕ್ಕೆ. ಏಳುವಾಗ ಬೇಗ, ಕೂರುವಾಗ ನಿಧಾನ. ಕೈ ಬೇಕಾಗಲ್ಲ.” ತನ್ನ ಧ್ವನಿ ಬೇಡುತ್ತಿದೆ ಎಂದು ಅವನಿಗೆ ಕೇಳಿಸಿತು. ಆ ಧ್ವನಿ ಅವನಿಗೆ ಪರಿಚಯವಿರಲಿಲ್ಲ.

ಕಮಲಾದೇವಿ ಕುರ್ಚಿಯನ್ನು ನೋಡಿದಳು. ಆಮೇಲೆ ಕಾಯಿಯ ತಟ್ಟೆಯನ್ನು ಪಕ್ಕಕ್ಕಿಟ್ಟು, ಎಡಗೈಯನ್ನು ಸೋಫಾದ ಹಿಡಿಯ ಮೇಲೆ ಊರಿ, ಒಮ್ಮೆ ಎದ್ದು, ಆಗದೆ ಮತ್ತೆ ಕೂತಳು. ಅವನು ಕೈ ಚಾಚಿದ. ಅವಳು ಅದನ್ನು ಹಿಡಿಯಲಿಲ್ಲ. ಎರಡನೆಯ ಸಲ ಎದ್ದಳು. ಎದ್ದು ಸ್ವಲ್ಪ ಹೊತ್ತು ಹಿಡಿಯನ್ನು ಬಿಡದೆ ಉಸಿರು ಸರಿ ಮಾಡಿಕೊಂಡಳು.

“ಅವರು ತೋರಿಸ್ತಾರೆ” ಎಂದಳು. “ಇಂದ್ರಾಣಿ ಸ್ಕೂಟರಲ್ಲಿ ಬಿಡ್ತೀನಿ ಅಂದಿದ್ದಾಳೆ.”

ತಟ್ಟೆ ಎತ್ತಿಕೊಂಡು ಅಡುಗೆಮನೆಯ ಕಡೆ ಹೊರಟವಳಿಗೆ ನಡುವಿನ ಕುರ್ಚಿ ಎದುರಾಯಿತು. ಅವಳು ಸುತ್ತಿ ಹೋಗಲಿಲ್ಲ. ನಿಂತಳು.

“ಇದನ್ನ ಅದರ ಜಾಗದಲ್ಲಿಡಿ. ಓಡಾಡೋಕೆ ಅಡ್ಡ.”

ಅವನು ಕುರ್ಚಿಯನ್ನು ಎತ್ತಿದ. ನಾಲ್ಕು ತಿಂಗಳ ಹಿಂದೆ, ಗಡಿಯಾರ ಇಟ್ಟುಕೊಂಡು ಹದಿನೈದು ಸಲ ಎದ್ದ ಸಂಜೆಯೂ, ಅದು ಇಷ್ಟೇ ಹಗುರವಾಗಿತ್ತು.